ಬೆಳಕಿನ ಏಟಿಗೆ ರೂಪ ಬದಲಿಸುವ ಬಂಗಾರ

ಗಾಜಿನ ಪುಟ್ಟ ಕೊಳವೆಯಲ್ಲಿ ನೀರಿದೆ. ನೀರಿನೊಳಗೆ ಎಣಿಸಲಾಗದಷ್ಟು ಬಂಗಾರದ ಕಡ್ಡಿಗಳಿವೆ. ಒಂದೊಂದೂ ಸುಮಾರು 40 ನ್ಯಾನೊಮೀಟರ್ ಉದ್ದ, 10 ನ್ಯಾನೊಮೀಟರ್ ದಪ್ಪ. ಕಡ್ಡಿಗಳು ಕಣ್ಣಿಗೆ ಬೀಳುವುದಿಲ್ಲ, ಕಂದು ಛಾಯೆಯ ದ್ರಾವಣವಷ್ಟೇ ಕಾಣುತ್ತದೆ. ಅದರೊಳಕ್ಕೆ ಲೇಸರ್ ಮಿಡಿತಗಳನ್ನು ಹಾಯಿಸುತ್ತ ಹೋದರೆ ಕಂದು ಬಣ್ಣ ಹೋಗಿ ಮಾಣಿಕ್ಯದ ಕೆಂಪು ಮೂಡುತ್ತದೆ. ಹೊರಗಿನಿಂದ ಏನನ್ನೂ ಬೆರೆಸಿಲ್ಲ, ನೀರೂ ಕುದಿದಿಲ್ಲ. ಆದರೂ ಒಳಗೆ ಬಂಗಾರ ಕರಗಿದೆ, ಕಡ್ಡಿ ಗುಂಡಾಗಿದೆ, ಗುಂಡಾಗಿಯೇ ಮತ್ತೆ ಗಟ್ಟಿಯಾಗಿದೆ. ಬಂಗಾರ ಕರಗಬೇಕಾದರೆ 1064 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಶಾಖ ನೀರಿನ ನಡುವೆ ಹುಟ್ಟಿ, ನೀರು ಕುದಿಯುವುದಕ್ಕೂ ಬಿಡದೆ ಅಡಗಿದ್ದು ಹೇಗೆ?

ಈ ಪ್ರಶ್ನೆಯನ್ನು ಕಳೆದ ಕಾಲು ಶತಮಾನದಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಬಿಡಿಸುತ್ತ ಬಂದಿವೆ. ಅವುಗಳ ಕೆಲಸವನ್ನು ಒಟ್ಟಿಗಿಟ್ಟು ನೋಡಿದಾಗ ನನಗೆ ಎದ್ದು ಕಾಣುವುದು ಒಂದೇ ಸಂಗತಿ. ಲೋಹದ ರೂಪ ಬದಲಿಸುವಲ್ಲಿ ಲೇಸರಿನ ಬಲಕ್ಕಿಂತ ಅದರ ಹೊತ್ತು ಮುಖ್ಯ. ಶಾಖ ಎಷ್ಟು ಬೇಗ ಒಳಗೆ ಬಂತು, ಎಷ್ಟು ಬೇಗ ಹೊರಗೆ ಹೋಯಿತು ಎಂಬ ಪೈಪೋಟಿಯಲ್ಲಿ ಕಡ್ಡಿಯ ಹಣೆಬರಹ ತೀರ್ಮಾನವಾಗುತ್ತದೆ.

ಮೊದಲು ಬಣ್ಣದ ಮಾತು. ಬಂಗಾರವನ್ನು ಬಹಳ ಸಣ್ಣದಾಗಿಸಿದರೆ ಅದು ಹಳದಿಯಾಗಿ ಉಳಿಯುವುದಿಲ್ಲ. ಇದನ್ನು ಶ್ರದ್ಧೆಯಿಂದ ಪರೀಕ್ಷಿಸಿದವರು ಮೈಕೆಲ್ ಫ್ಯಾರಡೆ. 1857ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅವರು ಬಂಗಾರ ಮತ್ತು ಬೆಳಕಿನ ಸಂಬಂಧದ ಬಗ್ಗೆ ಉಪನ್ಯಾಸ ಕೊಟ್ಟರು. ತಮ್ಮ ಕೆಂಪು ದ್ರಾವಣದಲ್ಲಿರುವುದು ಬಂಗಾರದ ಅತಿ ಸೂಕ್ಷ್ಮ ಕಣಗಳೇ ಎಂದು ಅವರು ಆಗಲೇ ಹೇಳಿದ್ದರು. ಅವರು ತಯಾರಿಸಿದ ಕೆಲವು ಶೀಶೆಗಳನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಇಂದಿಗೂ ಕಾಪಾಡಿಕೊಂಡಿದೆ. ಕಣಗಳು ಯಾಕೆ ಕೆಂಪಗೆ ಕಾಣುತ್ತವೆ ಎಂಬುದಕ್ಕೆ 1908ರಲ್ಲಿ ಜರ್ಮನಿಯ ಗುಸ್ತಾವ್ ಮಿ ಗಣಿತದ ಉತ್ತರ ಕೊಟ್ಟರು. ಅದು ಗುಂಡು ಕಣಗಳಿಗೆ ಒಪ್ಪುವ ಉತ್ತರ. 1912ರಲ್ಲಿ ರಿಚರ್ಡ್ ಗಾನ್ಸ್ ಅದನ್ನು ಉದ್ದನೆಯ ಕಣಗಳಿಗೂ ವಿಸ್ತರಿಸಿದರು.

ವಿವರಣೆ ಸರಳವಾದದ್ದು. ಲೋಹದೊಳಗೆ ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿಗೂ ಅಂಟಿಕೊಳ್ಳದೆ ಓಡಾಡಿಕೊಂಡಿರುತ್ತವೆ. ಬೆಳಕಿನ ಅಲೆ ಹಾಯುವಾಗ ಅವೆಲ್ಲ ಒಟ್ಟಾಗಿ ಅತ್ತಿಂದಿತ್ತ ತೂಗುತ್ತವೆ. ಈ ಸಾಮೂಹಿಕ ತೂಗಾಟಕ್ಕೆ ಪ್ಲಾಸ್ಮಾನ್ ಎಂದು ಹೆಸರು. ಗುಂಡು ಕಣದಲ್ಲಿ ಎತ್ತ ತೂಗಿದರೂ ದೂರ ಒಂದೇ, ಆದ್ದರಿಂದ ಅದು ಹೀರುವ ಬಣ್ಣವೂ ಒಂದೇ: ಸುಮಾರು 520 ನ್ಯಾನೊಮೀಟರ್ ತರಂಗಾಂತರದ ಹಸಿರು. ಹಸಿರನ್ನು ಕಳೆದುಕೊಂಡ ಬೆಳಕು ನಮ್ಮ ಕಣ್ಣಿಗೆ ಕೆಂಪು. ಕಡ್ಡಿಯಲ್ಲಿ ಎರಡು ತೂಗಾಟಗಳಿವೆ. ಅಡ್ಡಲಾಗಿ ತೂಗಿದರೆ ಗುಂಡಿನ ಹಾಗೆಯೇ ಹಸಿರಿನ ಆಸುಪಾಸು. ಉದ್ದಕ್ಕೆ ತೂಗಿದರೆ ತರಂಗಾಂತರ ಹೆಚ್ಚುತ್ತದೆ, ಕಡ್ಡಿ ಉದ್ದವಾದಷ್ಟೂ ಮತ್ತಷ್ಟು ಹೆಚ್ಚುತ್ತದೆ. ಉದ್ದ ದಪ್ಪದ ನಾಲ್ಕರಷ್ಟಿದ್ದರೆ ಕಡ್ಡಿ ಸುಮಾರು 800 ನ್ಯಾನೊಮೀಟರ್ ಬೆಳಕನ್ನು, ಅಂದರೆ ಕಣ್ಣಿಗೆ ಕಾಣದ ಅವಕೆಂಪನ್ನು, ಗಟ್ಟಿಯಾಗಿ ಹೀರುತ್ತದೆ.

ಹೀಗಾಗಿ ದ್ರಾವಣದ ಬಣ್ಣ ಅಳೆದರೆ ಒಳಗಿನ ಆಕಾರ ತಿಳಿಯುತ್ತದೆ. ಇನ್ನೂ ಮುಖ್ಯವಾದದ್ದು, ಪ್ರತಿ ಕಡ್ಡಿಗೂ ಒಂದು ವಿಳಾಸ ಸಿಗುತ್ತದೆ. 800ರ ಲೇಸರ್ ಬಿಟ್ಟರೆ ಆ ಅಳತೆಯ ಕಡ್ಡಿಗಳು ಹೀರುತ್ತವೆ, ಬೇರೆ ಅಳತೆಯವು ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಹೀರಿದ ಕಡ್ಡಿ ಕರಗಿ ಮೊಟಕಾದ ಕೂಡಲೇ ಅದರ ವಿಳಾಸವೂ ಬದಲಾಗುತ್ತದೆ. ಮುಂದಿನ ಮಿಡಿತ ಬಂದಾಗ ಅದಕ್ಕೆ ಆ ಬೆಳಕು ಅಷ್ಟಾಗಿ ತಾಗುವುದಿಲ್ಲ. ಕೆಲಸ ಮುಗಿದಲ್ಲಿ ತಾನಾಗಿ ನಿಲ್ಲುವ ಗುಣ ಈ ಉಪಕರಣಕ್ಕೆ ಹುಟ್ಟಿನಿಂದಲೇ ಬಂದಿದೆ. ಅಕ್ಕಸಾಲಿಯ ಮೂಸೆಯಲ್ಲಿ ಬಂಗಾರವೆಲ್ಲ ಒಟ್ಟಿಗೆ ಕರಗುತ್ತದೆ, ಇದು ಕರಗಲಿ ಅದು ಇರಲಿ ಎನ್ನುವ ಆಯ್ಕೆ ಬೆಂಕಿಗಿಲ್ಲ. ಲೇಸರಿಗೆ ಆ ಆಯ್ಕೆ ಇದೆ.

ಕಡ್ಡಿಗಳನ್ನು ಬೇಕಾದ ಅಳತೆಯಲ್ಲಿ ಬೆಳೆಸುವುದೇ ಒಂದು ಕಾಲಕ್ಕೆ ದೊಡ್ಡ ತೊಡಕಾಗಿತ್ತು. 2001ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ನಿಖಿಲ್ ಜನಾ, ಕ್ಯಾಥರಿನ್ ಮರ್ಫಿ ಮತ್ತು ಸಂಗಡಿಗರು ಬೀಜದಿಂದ ಬೆಳೆಸುವ ವಿಧಾನವನ್ನು ಪ್ರಕಟಿಸಿದರು. ಮೊದಲು ಮೂರ್ನಾಲ್ಕು ನ್ಯಾನೊಮೀಟರ್ ಗಾತ್ರದ ಬಂಗಾರದ ಬೀಜಕಣಗಳನ್ನು ತಯಾರಿಸುವುದು, ಅವನ್ನು ಬಂಗಾರದ ಲವಣ ಮತ್ತು ವಿಟಮಿನ್ ಸಿ ಇರುವ ದ್ರಾವಣಕ್ಕೆ ಸೇರಿಸಿ ನಿಧಾನವಾಗಿ ಬೆಳೆಯಲು ಬಿಡುವುದು. ಆ ದ್ರಾವಣದಲ್ಲಿ ಸಿಟ್ಯಾಬ್ ಎಂಬ ಸೋಪಿನಂಥ ರಾಸಾಯನಿಕವೂ ಇರುತ್ತದೆ. ಗಾಯ ತೊಳೆಯುವ ನಂಜುನಿವಾರಕದ ಸೆಟ್ರಿಮೈಡ್ ಇದೇ ಜಾತಿಯದು. ಅದು ಬೆಳೆಯುವ ಕಣದ ಮೈಗೆ ಹೊದಿಕೆಯಾಗಿ ಕೂತು ಅಡ್ಡಲಾಗಿ ಬೆಳೆಯುವುದನ್ನು ತಡೆಯುತ್ತದೆ, ತುದಿಗಳು ಮಾತ್ರ ಮುಂದೆ ಚಾಚುತ್ತವೆ. 2003ರಲ್ಲಿ ಜಾರ್ಜಿಯಾ ಟೆಕ್‌ನ ಬಾಬಕ್ ನಿಕೂಬಖ್ತ್ ಮತ್ತು ಮುಸ್ತಫಾ ಎಲ್-ಸಯದ್ ಇದಕ್ಕೆ ಸಿಲ್ವರ್ ನೈಟ್ರೇಟ್ ಬಳಸುವ ಸುಧಾರಿತ ಪಾಕ ಕೊಟ್ಟರು. ಆಮೇಲೆ ಕಡ್ಡಿ ಬೆಳೆಸುವುದು ಎಷ್ಟೋ ಪ್ರಯೋಗಾಲಯಗಳ ದಿನನಿತ್ಯದ ಕೆಲಸವಾಯಿತು. ನಿಖಿಲ್ ಜನಾ ಆಮೇಲೆ ಕೋಲ್ಕತ್ತದ ಇಂಡಿಯನ್ ಅಸೋಸಿಯೇಷನ್ ಫಾರ್ ದ ಕಲ್ಟಿವೇಷನ್ ಆಫ್ ಸೈನ್ಸ್‌ಗೆ ಬಂದರು. 1928ರಲ್ಲಿ ಸಿ.ವಿ. ರಾಮನ್ ಬೆಳಕಿನ ಚದುರುವಿಕೆಯ ಹೊಸ ಪರಿಣಾಮವನ್ನು ಕಂಡದ್ದು ಇದೇ ಸಂಸ್ಥೆಯಲ್ಲಿ.

ಈಗ ಕರಗುವಿಕೆಗೆ ಬರೋಣ. ಇಲ್ಲಿ ಜಾರ್ಜಿಯಾ ಟೆಕ್‌ನಲ್ಲಿ ಎಲ್-ಸಯದ್, ಸ್ಟೆಫಾನ್ ಲಿಂಕ್ ಮತ್ತು ಜೊತೆಗಾರರು 1999 ಮತ್ತು 2000ರಲ್ಲಿ ಮಾಡಿದ ಪ್ರಯೋಗಗಳು ಅಡಿಪಾಯ. ಅವರು ಎರಡು ಬಗೆಯ ಲೇಸರ್ ಬಳಸಿದರು. ಒಂದರ ಮಿಡಿತ 100 ಫೆಮ್ಟೋಸೆಕೆಂಡ್, ಇನ್ನೊಂದರದು 7 ನ್ಯಾನೊಸೆಕೆಂಡ್. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ನ್ಯಾನೊಸೆಕೆಂಡ್. ಆ ಒಂದು ಪಾಲನ್ನು ಮತ್ತೆ ಹತ್ತು ಲಕ್ಷ ಚೂರು ಮಾಡಿದರೆ ಒಂದು ಚೂರು ಫೆಮ್ಟೋಸೆಕೆಂಡ್. 100 ಫೆಮ್ಟೋಸೆಕೆಂಡಿನಲ್ಲಿ ಬೆಳಕು ಸಾಗುವ ದೂರ ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ, ಸುಮಾರು 30 ಮೈಕ್ರೊಮೀಟರ್.

ಅಷ್ಟು ಚಿಕ್ಕ ಮಿಡಿತ ಬಡಿದಾಗ ನಡೆಯುವ ಘಟನೆಗಳು ಒಂದರ ಹಿಂದೆ ಒಂದು ಬಿಡಿಬಿಡಿಯಾಗಿ ಸಾಲುಗಟ್ಟುತ್ತವೆ. ಮೊದಲ 100 ಫೆಮ್ಟೋಸೆಕೆಂಡಿನಲ್ಲಿ ಬೆಳಕಿನ ಶಕ್ತಿಯೆಲ್ಲ ಎಲೆಕ್ಟ್ರಾನುಗಳ ಪಾಲಾಗುತ್ತದೆ. ಅವು ಸಾವಿರಾರು ಡಿಗ್ರಿ ಬಿಸಿಯಾಗುತ್ತವೆ. ಆದರೆ ಪರಮಾಣುಗಳ ಚೌಕಟ್ಟು, ಅಂದರೆ ಸ್ಫಟಿಕ ಜಾಲ, ಇನ್ನೂ ತಣ್ಣಗಿರುತ್ತದೆ. ಒಂದೇ ಲೋಹದ ತುಣುಕಿನಲ್ಲಿ ಒಂದೇ ಕ್ಷಣಕ್ಕೆ ಎರಡು ಬೇರೆ ಬೇರೆ ಉಷ್ಣತೆ ಇರುವ ವಿಚಿತ್ರ ಸ್ಥಿತಿ ಇದು. ಮುಂದಿನ ಕೆಲವು ಪಿಕೊಸೆಕೆಂಡುಗಳಲ್ಲಿ, ಅಂದರೆ ಸಾವಿರಾರು ಫೆಮ್ಟೋಸೆಕೆಂಡುಗಳಲ್ಲಿ, ಎಲೆಕ್ಟ್ರಾನುಗಳು ಆ ಬಿಸಿಯನ್ನು ಜಾಲಕ್ಕೆ ದಾಟಿಸುತ್ತವೆ. ಸುಮಾರು 30 ಪಿಕೊಸೆಕೆಂಡ್ ಆಗುವ ಹೊತ್ತಿಗೆ ಕಡ್ಡಿ ಕರಗಿರುತ್ತದೆ. ಸುತ್ತಲಿನ ನೀರಿಗೆ ಶಾಖ ಹರಿದು ಹೋಗಲು ಅದಕ್ಕೂ ಹೆಚ್ಚು, 100 ಪಿಕೊಸೆಕೆಂಡಿನ ಮೇಲೆ ಬೇಕು. ಅಂದರೆ ತಣಿಯುವ ಮೊದಲೇ ಕರಗುವಿಕೆ ಮುಗಿದಿರುತ್ತದೆ. ಒಂದೊಂದು ಕಡ್ಡಿಯಲ್ಲಿರುವ ಶಾಖ ಅತ್ಯಲ್ಪವಾದ್ದರಿಂದ ಅದು ಇಡೀ ಕೊಳವೆಯ ನೀರಿಗೆ ಹಂಚಿಹೋದಾಗ ಬಿಸಿ ಅಷ್ಟಾಗಿ ಏರುವುದಿಲ್ಲ. ಆರಂಭದ ಪ್ರಶ್ನೆಗೆ ಉತ್ತರ ಇದು.

ನ್ಯಾನೊಸೆಕೆಂಡ್ ಲೇಸರಿನಲ್ಲಿ ಈ ಸಾಲು ಕದಡಿಹೋಗುತ್ತದೆ. 7 ನ್ಯಾನೊಸೆಕೆಂಡ್ ಎಂದರೆ 7000 ಪಿಕೊಸೆಕೆಂಡ್. ಮಿಡಿತ ಇನ್ನೂ ಬರುತ್ತಿರುವಾಗಲೇ ಕಡ್ಡಿ ಮತ್ತೆ ಮತ್ತೆ ತಣಿಯುತ್ತಿರುತ್ತದೆ. ತುಂಬುತ್ತಿರುವಾಗಲೇ ಸೋರಿಹೋಗುವುದರಿಂದ ಕಡ್ಡಿಗಳನ್ನು ಪೂರ್ತಿ ಗುಂಡು ಮಾಡಲು ನ್ಯಾನೊಸೆಕೆಂಡ್ ಲೇಸರಿಗೆ ಫೆಮ್ಟೋಸೆಕೆಂಡಿನ ನೂರು ಪಟ್ಟು ಶಕ್ತಿ ಬೇಕಾಯಿತು. ಫೆಮ್ಟೋಸೆಕೆಂಡ್ ಮಿಡಿತಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.01 ಜೌಲ್ ಸಾಕಾಗಿತ್ತು. ಅದಕ್ಕಿಂತ ಕಡಿಮೆ ಕೊಟ್ಟರೆ ಕಡ್ಡಿಗಳು ಅರೆಬರೆ ಕರಗಿ ಗಿಡ್ಡವಾಗುತ್ತಿದ್ದವು. ಕೆಲವು ಬಾಳೆಹಣ್ಣಿನಂತೆ ಬಾಗುತ್ತಿದ್ದವು, ಕೆಲವು ನಡುವೆ ಉಬ್ಬುತ್ತಿದ್ದವು. ಚದರ ಸೆಂಟಿಮೀಟರಿಗೆ ಒಂದು ಜೌಲ್‌ನಷ್ಟು ಸುರಿದರೆ ಕಡ್ಡಿಗಳು ಚೂರುಚೂರಾಗುತ್ತಿದ್ದವು.

ಕರಗಿದ ಕಡ್ಡಿ ಗುಂಡೇ ಆಗಬೇಕೆಂದು ಯಾಕೆ? ಮೇಲ್ಮೈಯ ಪರಮಾಣುಗಳಿಗೆ ಒಳಗಿನವುಗಳಷ್ಟು ನೆರೆಹೊರೆ ಇರುವುದಿಲ್ಲ, ಆದ್ದರಿಂದ ಅವುಗಳ ಶಕ್ತಿ ಹೆಚ್ಚು. ಮೇಲ್ಮೈ ಕಡಿಮೆಯಾದಷ್ಟೂ ವಸ್ತುವಿಗೆ ನೆಮ್ಮದಿ. ನಮ್ಮ 40 ನ್ಯಾನೊಮೀಟರ್ ಕಡ್ಡಿಯ ತುದಿಗಳು ದುಂಡಗಿವೆ ಎಂದುಕೊಂಡು ಲೆಕ್ಕ ಹಾಕಿದರೆ ಅದರಲ್ಲಿ ಸುಮಾರು 1.7 ಲಕ್ಷ ಪರಮಾಣುಗಳಿವೆ, ಮೇಲ್ಮೈ ಸುಮಾರು 1250 ಚದರ ನ್ಯಾನೊಮೀಟರ್. ಅಷ್ಟೇ ಬಂಗಾರ ಗುಂಡಾದರೆ ವ್ಯಾಸ 18 ನ್ಯಾನೊಮೀಟರಿನ ಹತ್ತಿರ ಬರುತ್ತದೆ, ಮೇಲ್ಮೈ 980ಕ್ಕೆ ಇಳಿಯುತ್ತದೆ. ಐದನೇ ಒಂದು ಪಾಲಿಗಿಂತ ಹೆಚ್ಚು ಉಳಿತಾಯ. ಕಡ್ಡಿಯ ರೂಪ ಎಂದರೆ ಬಂಗಾರವನ್ನು ಅದರ ಒಲವಿಗೆ ವಿರುದ್ಧವಾಗಿ ಹಿಡಿದಿಟ್ಟ ರೂಪ. ಬಿಗಿ ಸಡಿಲಿಸುವ ಬಿಸಿ ಸಿಕ್ಕರೆ ಅದು ಗುಂಡಿನ ಕಡೆಗೇ ಹೊರಳುತ್ತದೆ.

ಈ ಹೊರಳಾಟ ಎಲ್ಲಿಂದ ಶುರುವಾಗುತ್ತದೆ ಎನ್ನುವುದೂ ಕುತೂಹಲದ ವಿಷಯ. ಸಾಮಾನ್ಯವಾಗಿ ವಸ್ತು ಹೊರಮೈಯಿಂದ ಕರಗತೊಡಗುತ್ತದೆ. ಲಿಂಕ್ ಮತ್ತು ಎಲ್-ಸಯದ್ ತಂಡ ಅರ್ಧಕ್ಕೆ ನಿಂತ ಕಡ್ಡಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಮೈಯಲ್ಲಿ ದೋಷಗಳು ಕಂಡವು. ಬೆಳೆದಾಗ ಕಡ್ಡಿಯ ಪರಮಾಣು ಸಾಲುಗಳು ಅಚ್ಚುಕಟ್ಟಾಗಿದ್ದವು. ಲೇಸರ್ ಬಡಿದ ಮೇಲೆ ಸಾಲುಗಳು ಅಲ್ಲಲ್ಲಿ ಜರುಗಿ, ಪದರಗಳು ತಪ್ಪಿ ಕೂತು, ಅವಳಿ ಹರಳಿನ ಗೆರೆಗಳು ಮೂಡಿದ್ದವು. ರೂಪ ಬದಲಾಗುವ ಮೊದಲು ಬದಲಾದದ್ದು ಒಳಗಿನ ರಚನೆ.

ಕರಗುವ ಬಿಂದುವಿನ ತನಕ ಹೋಗಲೇಬೇಕೆಂದೂ ಇಲ್ಲ. ಗ್ರೆಗರಿ ಹಾರ್ಟ್‌ಲ್ಯಾಂಡ್ ಅವರಿದ್ದ ತಂಡ 2006ರಲ್ಲಿ ಒಲೆಯ ಬಿಸಿಯನ್ನೂ ಲೇಸರಿನ ಬಿಸಿಯನ್ನೂ ಹೋಲಿಸಿ ನೋಡಿತು. ಒಲೆಯಲ್ಲಿ 250 ಡಿಗ್ರಿಗೆ ಒಂದು ಗಂಟೆ ಇಟ್ಟರೆ ಕಡ್ಡಿಗಳೆಲ್ಲ ಗುಂಡಾದವು. ಲೇಸರಿನಲ್ಲಿ ಅದೇ ಕಡ್ಡಿಗಳು ಬಂಗಾರ ಕರಗುವ ಉಷ್ಣತೆಯ ಹತ್ತಿರ ಹೋಗಿ ಬಂದರೂ ಕಡ್ಡಿಯಾಗಿಯೇ ಉಳಿದವು. ಒಲೆಯಲ್ಲಿ ಮೇಲ್ಮೈಯ ಪರಮಾಣುಗಳಿಗೆ ತುದಿಯಿಂದ ನಡುವಿಗೆ ತೆವಳಲು ಒಂದು ಗಂಟೆಯ ಬಿಡುವಿತ್ತು. ಲೇಸರಿನಲ್ಲಿ ಹೊರಡುವ ಮೊದಲೇ ತಣಿದುಬಿಟ್ಟವು. ಕಡಿಮೆ ಬಿಸಿಗೆ ಸೋತ ಕಡ್ಡಿ ಹೆಚ್ಚು ಬಿಸಿಯನ್ನು ತಾಳಿಕೊಂಡಿತು. ಹೊತ್ತೇ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಇನ್ನು ಇದರಿಂದ ಏನು ಮಾಡಬಹುದು ಎಂಬ ಮಾತು. ಹೆಚ್ಚು ಸುದ್ದಿಯಾದದ್ದು 2009ರಲ್ಲಿ. ಮೆಲ್ಬರ್ನ್‌ನ ಸ್ವಿನ್‌ಬರ್ನ್ ತಂತ್ರಜ್ಞಾನ ವಿಶ್ವವಿದ್ಯಾಲಯದ ಪೀಟರ್ ಝೈಲ್‌ಸ್ಟ್ರಾ, ಜೇಮ್ಸ್ ಚೋನ್ ಮತ್ತು ಮಿನ್ ಗು ಬಂಗಾರದ ಕಡ್ಡಿಗಳನ್ನು ಪ್ಲಾಸ್ಟಿಕ್ ಪದರದಲ್ಲಿ ಹುದುಗಿಸಿ ಅದರಲ್ಲಿ ಮಾಹಿತಿ ಬರೆಯುವ ವಿಧಾನವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಡಿವಿಡಿಯಲ್ಲಿ ಒಂದು ಜಾಗಕ್ಕೆ ಒಂದು ಗುರುತು. ಇವರು ಒಂದೇ ಜಾಗದಲ್ಲಿ ಹಲವು ಚಿತ್ರಗಳನ್ನು ಒಂದರ ಮೇಲೊಂದು ಬರೆದರು. ಪದರದಲ್ಲಿ ಬೇರೆ ಬೇರೆ ಉದ್ದದ ಕಡ್ಡಿಗಳು ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೋ ಆ ದಿಕ್ಕಿಗೆ ಮಲಗಿದ ಕಡ್ಡಿ ಮಾತ್ರ ಅದನ್ನು ಚೆನ್ನಾಗಿ ಹೀರುತ್ತದೆ. ಅದರಲ್ಲೂ ಉದ್ದ ಹೊಂದಬೇಕು. 700, 840 ಮತ್ತು 980 ನ್ಯಾನೊಮೀಟರ್ ತರಂಗಾಂತರಗಳನ್ನು, ಬೇರೆ ಬೇರೆ ಕಂಪನ ದಿಕ್ಕುಗಳನ್ನು, ಒಂದರ ಕೆಳಗೊಂದು ಪದರಗಳನ್ನು ಬಳಸಿ ಅವರು ಒಂದೇ ಜಾಗದಲ್ಲಿ 18 ಚಿತ್ರಗಳನ್ನು ಇಟ್ಟು ತೋರಿಸಿದರು. ಮೂರು ಆಯಾಮ ಜಾಗದ್ದು, ಒಂದು ಬಣ್ಣದ್ದು, ಒಂದು ಕಂಪನದ ದಿಕ್ಕಿನದು. ಆದ್ದರಿಂದ ಇದಕ್ಕೆ ಐದು ಆಯಾಮದ ದಾಖಲೆ ಎಂದು ಕರೆದರು.

ಓದುವ ಕ್ರಮದಲ್ಲೂ ಜಾಣ್ಮೆಯಿದೆ. ಕರಗದೆ ಉಳಿದ ಕಡ್ಡಿಯ ಮೇಲೆ ಅದೇ ಬಣ್ಣದ ಸೌಮ್ಯ ಬೆಳಕು ಬಿಟ್ಟರೆ ಅದು ಹೊಳೆಯುತ್ತದೆ, ಗುಂಡಾದ ಕಣ ಹೊಳೆಯುವುದಿಲ್ಲ. ಓದುವ ಬೆಳಕು ಕರಗಿಸುವ ಮಿತಿಗಿಂತ ಎಷ್ಟೋ ಕೆಳಗಿರುವುದರಿಂದ ಬರೆದದ್ದು ಅಳಿಸಿಹೋಗುವುದಿಲ್ಲ. ಇಂಥ ಮಾಹಿತಿ ತಟ್ಟೆ ಇವತ್ತಿಗೂ ನಮ್ಮ ಅಂಗಡಿಗಳಿಗೆ ಬಂದಿಲ್ಲ. ಫೆಮ್ಟೋಸೆಕೆಂಡ್ ಲೇಸರ್ ಮನೆಯ ಪೆಟ್ಟಿಗೆಯಲ್ಲಿ ಇಡುವಂಥ ಅಗ್ಗದ ವಸ್ತುವಲ್ಲ. ಅಲ್ಲದೆ ಒಮ್ಮೆ ಗುಂಡಾದ ಕಡ್ಡಿಯನ್ನು ಲೇಸರ್ ಮತ್ತೆ ಕಡ್ಡಿ ಮಾಡಲಾರದು, ಹಾಗಾಗಿ ಬರೆದು ಅಳಿಸಿ ಮತ್ತೆ ಬರೆಯಲು ಇದು ಒದಗದು. ದಶಕಗಟ್ಟಲೆ ಮುಟ್ಟದೆ ಕಾಪಿಡಬೇಕಾದ ದಾಖಲೆಗಳಿಗೆ ಈ ಮಾರ್ಗ ಹೊಂದೀತು ಎಂದು ನನಗನ್ನಿಸುತ್ತದೆ. ಬಂಗಾರ ತುಕ್ಕು ಹಿಡಿಯುವುದಿಲ್ಲವಲ್ಲ.

ಆದರೂ ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಸಾಧನೆ 2017ರದು. ಸ್ಪೇನಿನ ಮ್ಯಾಡ್ರಿಡ್ ಮತ್ತು ಸಾನ್ ಸೆಬಾಸ್ಟಿಯನ್‌ನ ಸಂಶೋಧಕರು, ಅವರಲ್ಲಿ ಗಿಯೆರ್ಮೊ ಗೊನ್ಸಾಲೆಸ್-ರೂಬಿಯೊ, ಆಂದ್ರೆಸ್ ಗೆರೆರೊ-ಮಾರ್ಟಿನೆಸ್, ಓವಿಡಿಯೊ ಪೆನ್ಯಾ-ರೊಡ್ರಿಗೆಸ್ ಮತ್ತು ಲೂಯಿಸ್ ಲಿಸ್-ಮರ್ಸಾನ್ ಸೇರಿದ್ದರು, ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ರಾಸಾಯನಿಕವಾಗಿ ಬೆಳೆಸಿದ ಕಡ್ಡಿಗಳು ಎಂದೂ ಒಂದೇ ಅಳತೆಯವಾಗಿರುವುದಿಲ್ಲ. ಒಂದು ತುಸು ಉದ್ದ, ಇನ್ನೊಂದು ತುಸು ಮೋಟು. ಒಂದೊಂದರ ಬಣ್ಣ ಒಂದೊಂದು ತೆರನಾಗಿ, ದ್ರಾವಣ ಹೀರುವ ಬೆಳಕಿನ ಪಟ್ಟಿ ಅಗಲವಾಗುತ್ತದೆ. ಬೆಳಕಿನ ಮೂಲಕ ಏನನ್ನಾದರೂ ನಿಖರವಾಗಿ ಪತ್ತೆಹಚ್ಚಬೇಕೆನ್ನುವವರಿಗೆ ಇದು ದೊಡ್ಡ ತೊಂದರೆ. ಸ್ಪೇನಿನವರು ಕಡ್ಡಿಗಳನ್ನು ಕರಗಿಸಲು ಹೋಗಲಿಲ್ಲ. ಮೆದುವಾದ ಫೆಮ್ಟೋಸೆಕೆಂಡ್ ಮಿಡಿತಗಳನ್ನು ಮತ್ತೆ ಮತ್ತೆ ಕೊಟ್ಟು ಪ್ರತಿ ಬಾರಿಯೂ ಉದ್ದವನ್ನು ಇಷ್ಟಿಷ್ಟೇ ಇಳಿಸಿದರು. ತಕ್ಕ ಅಳತೆಗೆ ಬಂದ ಕಡ್ಡಿ ಆ ಬೆಳಕಿನ ವ್ಯಾಪ್ತಿಯಿಂದ ಹೊರಬೀಳುತ್ತದೆ, ಬರದೇ ಇರುವುದು ಏಟು ತಿನ್ನುತ್ತಲೇ ಇರುತ್ತದೆ. ಕೊನೆಗೆ ಎಲ್ಲವೂ ಒಂದೇ ಅಳತೆಯ ಸನಿಹ ಬಂದು ನಿಲ್ಲುತ್ತವೆ. ದ್ರಾವಣದ ಬಣ್ಣದ ಪಟ್ಟಿ ಸಿದ್ಧಾಂತ ಹೇಳುವ ಕನಿಷ್ಠ ಅಗಲದ ಹತ್ತಿರಕ್ಕೆ ಇಳಿಯಿತು.

ಇಲ್ಲಿ ಗುಟ್ಟು ಲೇಸರಿನಲ್ಲಿ ಮಾತ್ರ ಇರಲಿಲ್ಲ. ಕಡ್ಡಿಯ ಮೈಗೆ ಹೊದಿಕೆಯಾಗಿರುವ ಸಿಟ್ಯಾಬ್ ಎಷ್ಟು ದಟ್ಟವಾಗಿದೆ ಎಂಬುದರ ಮೇಲೆ ಶಾಖ ಹೊರಹೋಗುವ ವೇಗ ನಿಂತಿದೆ. ನಿಧಾನವಾಗಿ ತಣಿದರೆ ಕಡ್ಡಿ ವಿಕಾರವಾಗುತ್ತದೆ, ಬಹಳ ಬೇಗ ತಣಿದರೆ ಏನೂ ಬದಲಾಗುವುದಿಲ್ಲ. ಇವೆರಡರ ನಡುವಿನ ಕಿರಿದಾದ ಸಂದಿಯಲ್ಲಿ ಮಾತ್ರ ಕೆಲಸ ಕೈಗೂಡುತ್ತದೆ. 1999 ಮತ್ತು 2000ರಲ್ಲಿ ಜಾರ್ಜಿಯಾ ಟೆಕ್‌ನಲ್ಲಿ ಅಳೆದ ಪಿಕೊಸೆಕೆಂಡುಗಳ ಅರಿವು ಇಲ್ಲಿ ಕೈಗೆ ಸಿಕ್ಕ ಉಪಕರಣವಾಯಿತು. ಹಾಗಾಗಿಯೇ ಈ ಕೆಲಸ ನನಗೆ ಹೆಚ್ಚಿನದಾಗಿ ಕಾಣುವುದು.

ಎಲ್ಲ ಕಡೆಯೂ ಈ ರೂಪಾಂತರ ಬೇಕಾದ್ದೇನಲ್ಲ. ವೈದ್ಯಕೀಯದಲ್ಲಿ ಅದು ಕಾಟವೂ ಹೌದು. ನಮ್ಮ ಮೈಯ ಅಂಗಾಂಶದೊಳಗೆ ಕಣ್ಣಿಗೆ ಕಾಣುವ ಬೆಳಕಿಗಿಂತ 650ರಿಂದ 900 ನ್ಯಾನೊಮೀಟರ್ ಆಸುಪಾಸಿನ ಬೆಳಕು ಹೆಚ್ಚು ಆಳಕ್ಕೆ ಇಳಿಯುತ್ತದೆ. ಬಂಗಾರದ ಕಡ್ಡಿಗಳು ಹೀರುವುದೂ ಅದನ್ನೇ. 2006ರಲ್ಲಿ ಎಲ್-ಸಯದ್, ಕ್ಯಾನ್ಸರ್ ಶಸ್ತ್ರವೈದ್ಯರಾದ ಅವರ ಮಗ ಐವಾನ್ ಮತ್ತು ಸಂಗಡಿಗರು ಬಾಯಿಯ ಕ್ಯಾನ್ಸರ್ ಜೀವಕೋಶಗಳಿಗೆ ಅಂಟಿಕೊಳ್ಳುವ ಕಡ್ಡಿಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಪರೀಕ್ಷಿಸಿದರು. ಆರೋಗ್ಯವಂತ ಕೋಶವನ್ನು ಕೊಲ್ಲಲು ಬೇಕಾದ ಲೇಸರ್ ಶಕ್ತಿಯ ಸುಮಾರು ಅರ್ಧದಲ್ಲೇ ಕ್ಯಾನ್ಸರ್ ಕೋಶಗಳು ಸತ್ತವು. ಅಲ್ಲಿ ಬಳಸಿದ್ದು ಬಿಡದೆ ಹರಿಯುವ ಲೇಸರ್. ಆದರೆ ಬೆಳಕು ಬಿಟ್ಟು ಶಬ್ದ ಕೇಳಿಸಿಕೊಂಡು ಒಳಗಿನ ಚಿತ್ರ ತೆಗೆಯುವ ಫೋಟೊಅಕೌಸ್ಟಿಕ್ ವಿಧಾನದಲ್ಲಿ ನ್ಯಾನೊಸೆಕೆಂಡ್ ಮಿಡಿತಗಳು ಬೇಕು. ಕೆಲವು ಮಿಡಿತಗಳಾಗುತ್ತಲೇ ಕಡ್ಡಿಗಳು ಗುಂಡಾಗತೊಡಗುತ್ತವೆ, ಅವುಗಳ ಬಣ್ಣ 520ರ ಕಡೆಗೆ ಜಾರುತ್ತದೆ, ಚಿತ್ರ ಮಂಕಾಗುತ್ತದೆ. ಇದಕ್ಕೆ ಕಂಡುಕೊಂಡ ಮದ್ದು ಕಡ್ಡಿಯ ಸುತ್ತ ಸಿಲಿಕಾದ ತೆಳು ಕವಚ. ಅದು ಆಕಾರವನ್ನು ಬಿಗಿಹಿಡಿಯುತ್ತದೆ, ಶಾಖ ಹೊರಹೋಗಲೂ ದಾರಿ ಮಾಡಿಕೊಡುತ್ತದೆ.

ಇದೇ ಕಾಟವನ್ನು ಅಮೆರಿಕದ ಎಂಐಟಿಯ ತಂಡವೊಂದು 2009ರಲ್ಲಿ ಅನುಕೂಲವಾಗಿ ತಿರುಗಿಸಿಕೊಂಡಿತು. ಎರಡು ಬೇರೆ ಆಕಾರದ ಕಡ್ಡಿಗಳಿಗೆ ಎರಡು ಬೇರೆ ಡಿಎನ್‌ಎ ಎಳೆಗಳನ್ನು ಕಟ್ಟಿ ಒಂದೇ ದ್ರಾವಣದಲ್ಲಿ ಬೆರೆಸಿದರು. 800 ನ್ಯಾನೊಮೀಟರ್ ಲೇಸರ್ ಬಿಟ್ಟಾಗ ಒಂದು ಬಗೆಯ ಕಡ್ಡಿ ಕರಗಿ ತನ್ನ ಹೊರೆ ಬಿಟ್ಟುಕೊಟ್ಟಿತು. 1100 ನ್ಯಾನೊಮೀಟರ್ ಬಿಟ್ಟಾಗ ಇನ್ನೊಂದು. ಎರಡು ಔಷಧಗಳನ್ನು ಒಟ್ಟಿಗೆ ಒಳಗೆ ಕಳಿಸಿ, ಬೇಕೆಂದಾಗ ಬೇಕಾದ್ದನ್ನು ಮಾತ್ರ ಬಿಡಿಸುವ ಚಿಕಿತ್ಸೆಯ ಆಸೆ ಇದರಿಂದ ಚಿಗುರಿತು. ಪ್ರಯೋಗಾಲಯದ ಕೊಳವೆಯಿಂದ ರೋಗಿಯ ಮೈಗೆ ಬರುವ ದಾರಿ ಉದ್ದದ್ದು. ಅದರಲ್ಲಿ ಸಿಟ್ಯಾಬ್‌ನ ವಿಷಗುಣವೇ ಒಂದು ಅಡ್ಡಿ, ಅದನ್ನು ತೆಗೆದು ಬೇರೆ ಹೊದಿಕೆ ಹಾಕಲೇಬೇಕು.

ಫೆಮ್ಟೋಸೆಕೆಂಡ್ ಲೇಸರ್ ನಮ್ಮ ಪದವಿ ಕಾಲೇಜುಗಳ ಕೈಗೆಟಕುವಂಥದ್ದಲ್ಲ. ಆದರೆ ಈ ಕಥೆಯ ಮೊದಲ ಅಧ್ಯಾಯ, ಅಂದರೆ ಬಂಗಾರದ ಕಣಗಳ ಗಾತ್ರ ಮತ್ತು ಅವುಗಳ ನಡುವಿನ ದೂರ ಬಣ್ಣವಾಗಿ ಕಾಣಿಸುವುದು, ಯಾವ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲೂ ಒಂದು ಗಂಟೆಯೊಳಗೆ ಮಾಡಿ ತೋರಿಸಬಹುದಾದದ್ದು. ಕುದಿಯುತ್ತಿರುವ ಕ್ಲೋರೋಆರಿಕ್ ಆಮ್ಲದ ತೆಳು ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಫ್ಯಾರಡೆ ಕಂಡ ಕೆಂಪು ಬರುತ್ತದೆ. ತಣಿದ ಮೇಲೆ ಅದಕ್ಕೆ ಒಂದಿಷ್ಟು ಉಪ್ಪುನೀರು ಬೆರೆಸಿದರೆ ಕಣಗಳು ಗುಂಪುಗೂಡಿ ದ್ರಾವಣ ನೀಲಿಗೆ ತಿರುಗುತ್ತದೆ. ಬಂಗಾರದ ಲವಣ ದುಬಾರಿ, ಆದರೆ 20 ಮಿಲಿಲೀಟರ್ ದ್ರಾವಣಕ್ಕೆ ಸುಮಾರು 8 ಮಿಲಿಗ್ರಾಂ ಸಾಕು. ಬಿ.ಎಸ್ಸಿ. ತರಗತಿಗಳಿಗೆ ಪಾಠ ಹೇಳುವ ಅಧ್ಯಾಪಕರು ವರ್ಷಕ್ಕೊಮ್ಮೆಯಾದರೂ ಇದನ್ನು ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಬೇಕು.